ಬೇಸಿನ್ ಮೇಲಿನ ಕನ್ನಡಿ

ಕನ್ನಡಿಯನ್ನು ಗೋಡೆಯಿಂದ ಇಳಿಸಿದಾಗ ಅದರ ಹಿಂದಿನಿಂದ ಒಂದು ರಟ್ಟಿನ ತುಂಡು ಕೆಳಗೆ ಬಿತ್ತು. ಮಾತ್ರೆಯ ಪೆಟ್ಟಿಗೆಯಿಂದ ಕತ್ತರಿಸಿ ನಾಲ್ಕಾಗಿ ಮಡಿಸಿದ್ದು. ಬಹಳ ದಿನ ಒತ್ತಿಕೊಂಡೇ ಇದ್ದುದರಿಂದ ಮಡಿಕೆಗಳು ಒಂದಕ್ಕೊಂದು ಅಂಟಿ ಬಿಲ್ಲೆಯಂತಾಗಿದ್ದವು. ಗೋಡೆಯ ತೇವ ತಾಗದಿರಲಿ ಎಂದು ಯಾರೋ ಇಟ್ಟಿರಬೇಕು ಅಂದುಕೊಂಡು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಕನ್ನಡಿ ಇಳಿಸಿದ್ದು ಅತ್ತೆಯ ಮಾತಿನ ಮೇಲೆ. ಅತ್ತೆ ಎಂದರೆ ಅಪ್ಪನ ಅಕ್ಕ. ಮಲ್ಲೇಶ್ವರದಲ್ಲಿ ಇರುತ್ತಾರೆ. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಹತ್ತಿರದಲ್ಲೇ ನಡೆಯುತ್ತಿದ್ದ ಫೆಂಗ್ ಶುಯಿ ಎಂಬ ಚೀನೀ ವಾಸ್ತುವಿನ ತರಗತಿಗೆ ಸೇರಿದರು. ಮಕ್ಕಳಿಗೆ ಗಣಿತ ಹೇಳಿಕೊಟ್ಟವರು, ಇದನ್ನೂ ಅದೇ ಶ್ರದ್ಧೆಯಿಂದ ಕಲಿತರು. ಮೊದಲು ತಮ್ಮ ಮನೆಯ ಸೋಫಾ, ಬೀರು, ಗಡಿಯಾರಗಳ ಜಾಗ ಬದಲಾಯಿಸಿದರು. ಆಮೇಲೆ ನೆಂಟರ ಮನೆಗಳಿಂದ ಕರೆ ಬರತೊಡಗಿತು. ದಕ್ಷಿಣೆ ತೆಗೆದುಕೊಳ್ಳುತ್ತಿರಲಿಲ್ಲ. ಕಾಫಿ ಕುಡಿದು, ದಿಕ್ಸೂಚಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ವಾಪಸ್ ಹೋಗುತ್ತಿದ್ದರು.

ಚಾಮರಾಜಪೇಟೆಯ ನಮ್ಮ ಮನೆ ಉದ್ದಕ್ಕಿದೆ. ಮುಂದೆ ಹಜಾರ, ನಡುವೆ ಊಟದ ಕೋಣೆ, ಹಿಂದೆ ಅಡುಗೆಮನೆ. ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಮತ್ತು ಮಾತು ಹೋದ ಮೇಲೆ ಅವರ ಮಂಚವನ್ನು ಹಜಾರಕ್ಕೆ ತಂದಿದ್ದೆವು. ಅಲ್ಲಿ ಗಾಳಿ ಬೆಳಕು ಇತ್ತು, ವ್ಯಾಯಾಮ ಮಾಡಿಸಲು ಬರುವವರಿಗೂ ಅನುಕೂಲವಾಗಿತ್ತು. ಊಟದ ಕೋಣೆಯ ಪಕ್ಕದ ಗೋಡೆಗೆ ಕೈ ತೊಳೆಯುವ ಬೇಸಿನ್, ಅದರ ಮೇಲೆ ಮರದ ಚೌಕಟ್ಟಿನ ಕನ್ನಡಿ. ಹಜಾರದ ಬಾಗಿಲು ತೆರೆದಿದ್ದರೆ ಮಂಚದಲ್ಲಿ ಮಲಗಿದವರಿಗೆ ಅದು ಕಾಣುತ್ತಿತ್ತು.

ಆ ಭಾನುವಾರ ಅತ್ತೆ ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ, ಮಾರ್ಕೆಟ್‌ನಲ್ಲಿ ಇಳಿದು, ಆಟೊದಲ್ಲಿ ಬಂದರು. ಚಪ್ಪಲಿ ಬಿಟ್ಟವರೇ ಅಪ್ಪನ ಮಂಚದ ತಲೆಯ ಕಡೆ ನಿಂತು, ಬಗ್ಗಿ, ಅಪ್ಪನ ಕಣ್ಣಿನ ಮಟ್ಟದಿಂದ ಸುತ್ತ ನೋಡಿದರು.

"ಇದೇ ನೋಡು," ಎಂದು ಅಮ್ಮನನ್ನು ಕರೆದರು. "ಮಲಗಿರೋವ್ರಿಗೆ ಕನ್ನಡಿ ಎದುರಿಗೆ ಇರ್ಬಾರ್ದು ಕಣಮ್ಮಾ. ಕಾಯಿಲೆನ ಎರಡರಷ್ಟು ಮಾಡಿ ವಾಪಸ್ ಕಳ್ಸತ್ತೆ. ಇಷ್ಟು ದಿನ ನನಗೆ ಹೊಳೀಲೇ ಇಲ್ವಲ್ಲ!"

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಕನ್ನಡಿಗೂ ಮಿದುಳಿನ ರಕ್ತನಾಳಕ್ಕೂ ಸಂಬಂಧವಿಲ್ಲ ಎಂದು ಹೇಳಲು ನನಗೆ ಬರುತ್ತಿತ್ತು. ಹೇಳಲಿಲ್ಲ. ಸ್ಟೂಲ್ ತಂದು ಹತ್ತಿ ಚೌಕಟ್ಟನ್ನು ಹಿಡಿದುಕೊಂಡೆ. ಆಗ ಅಪ್ಪ ಎಡಗೈ ಎತ್ತಿದರು. ಕನ್ನಡಿ ಕೈಯಲ್ಲಿದ್ದಾಗಲೇ ಅದು ನನಗೆ ಕಂಡಿತು. ನೀರು ಬೇಕೇನೋ ಅಂದುಕೊಂಡು ಇಳಿದು, ಮೂತಿಯಿದ್ದ ಲೋಟದಲ್ಲಿ ಕುಡಿಸಿದೆ. ಬಾಯಾರಿಕೆಯಿಲ್ಲದವರ ಹಾಗೆ ಒಂದು ಗುಟುಕು ಕುಡಿದು ನಿಲ್ಲಿಸಿದರು.

"ಏನೋ, ಹಾಗ್ಯಾಕೆ ನೋಡ್ತೀಯ?" ಅತ್ತೆ ಅಪ್ಪನ ಕೂದಲನ್ನು ಹಿಂದಕ್ಕೆ ಸವರಿದರು. "ಎದ್ದು ಬಂದು ಬೈಯೋ ನನ್ನ. ಬಂದ್ಬಿಟ್ಲು ಸಾಮಾನೆಲ್ಲಾ ಎಳ್ದಾಡೋಕೆ ಅಂತ ಬೈಯಿ. ಅದಕ್ಕೇ ತಾನೆ ಇಷ್ಟೆಲ್ಲಾ ಮಾಡ್ತಿರೋದು."

ತಾಯಿಯಿಲ್ಲದ ತಮ್ಮನಿಗೆ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವರು ಅವರು. ಈಗಲೂ ಬೈತಲೆಯನ್ನು ಎಡಕ್ಕೇ ತೆಗೆಯುತ್ತಿದ್ದರು. ಹೋಗುವ ಮೊದಲು ಕಿಟಕಿಗೆ ಒಂದು ಗಾಳಿಗಂಟೆ ಕಟ್ಟಿ, ಅದರಿಂದ ಒಂದು ದಾರ ಇಳಿಬಿಟ್ಟು ಅಪ್ಪನ ಎಡಗೈ ಹತ್ತಿರ ಮಂಚಕ್ಕೆ ಗಂಟು ಹಾಕಿದರು. "ಮನೆಗೂ ಒಳ್ಳೇದು, ನಿಂಗೂ ಒಳ್ಳೇದು. ಏನು ಬೇಕಾದ್ರೂ ಎಳಿ, ಓಡಿ ಬರ್ತಾರೆ."

ಕನ್ನಡಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆವು.

ಫೆಂಗ್ ಶುಯಿ ನನಗೆ ಹೊಸದಾಗಿರಲಿಲ್ಲ. ಗಾಂಧಿ ಬಜಾರಿನಲ್ಲಿ, ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಕಕ್ಷಿದಾರರು ಕಡಿಮೆಯಾದ ವರ್ಷ ನಮ್ಮ ಯಜಮಾನರು ಒಬ್ಬ ಸಲಹೆಗಾರರನ್ನು ಕರೆಸಿದರು. ಉತ್ತರದ ಮೂಲೆಗೆ ಮೀನಿನ ತೊಟ್ಟಿ ಬಂತು. ಬಿದಿರಿನ ಗಿಡ ಬಂತು. "ಮೀನಿಗೆ ಟೈಮಿಗೆ ಸರಿಯಾಗಿ ಊಟ, ನಮಗೆ ಮಾತ್ರ ನಾಲ್ಕು ಗಂಟೆ ಟೀ ಐದಕ್ಕೆ. ಮುಂದಿನ ಜನ್ಮದಲ್ಲಿ ಮೀನಾಗಿ ಹುಟ್ಟಣ ಗುರು," ಎಂದು ಪಕ್ಕದ ಮೇಜಿನವನು ತನ್ನ ಸ್ನೇಹಿತನಿಗೆ ಹೇಳುತ್ತಿದ್ದ. ಯಾರೂ ಬಾಗಿಲಿಗೆ ಬೆನ್ನು ಮಾಡಿ ಕೂರಬಾರದೆಂದು ಮೇಜುಗಳನ್ನೆಲ್ಲ ತಿರುಗಿಸಿದರು. ಕಂಬ ಅಡ್ಡ ಬರುತ್ತಿದ್ದುದರಿಂದ ನನ್ನ ಮೇಜು ತಿರುಗಲಿಲ್ಲ. ಅದಕ್ಕೆ ಪರಿಹಾರವಾಗಿ ಸಲಹೆಗಾರರು ಕಂಪ್ಯೂಟರಿನ ಪಕ್ಕ ಅಂಗೈಯಗಲದ ಕನ್ನಡಿ ಇಟ್ಟರು. ಹಿಂದಿನ ಬಾಗಿಲಿನಿಂದ ಯಾರು ಬಂದರೂ ಅದರಲ್ಲಿ ಕಾಣುತ್ತಿದ್ದರು. ಅದೃಷ್ಟದ ಮಾತು ನನಗೆ ಗೊತ್ತಿಲ್ಲ. ಬೆನ್ನ ಹಿಂದೆ ಯಾರಾದರೂ ಬಂದು ನಿಂತಾಗ ಬೆಚ್ಚಿಬೀಳುವುದಂತೂ ನಿಂತಿತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ಬೇಸಿನ್ ಮೇಲಿನ ಗೋಡೆ ಬೋಳಾಗಿತ್ತು. ಮುಖ ತೊಳೆದು ಅಭ್ಯಾಸದಿಂದ ತಲೆ ಎತ್ತಿದರೆ ಸುಣ್ಣ ಮಾಸದ ಚೌಕ ಮಾತ್ರ ಕಾಣುತ್ತಿತ್ತು. ಗಾಳಿಗಂಟೆ ಗಾಳಿಗೆ ಸದ್ದು ಮಾಡುತ್ತಿತ್ತು. ಮೊದಮೊದಲು ಪ್ರತಿ ಸದ್ದಿಗೂ ಅಮ್ಮ ಹಜಾರಕ್ಕೆ ಓಡಿದಳು, ಪ್ರತಿ ಸಲವೂ ಅದು ಗಾಳಿಯೇ. ಆಮೇಲೆ ಓಡುವುದು ನಿಂತಿತು. ಅಪ್ಪ ದಾರವನ್ನು ಒಮ್ಮೆಯೂ ಎಳೆಯಲಿಲ್ಲ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಒಳಗಿನ ಕೋಣೆಯಲ್ಲಿ ಸಾಹೇಬರು ಬೆಲ್ ಒತ್ತಿದರೆ ಎದ್ದು ಹೋಗುವುದು ಅವರ ನೌಕರಿಯ ಒಂದು ಭಾಗವಾಗಿತ್ತು. ಮನೆಯಲ್ಲಿ ನೀರನ್ನೂ ಕೂತಲ್ಲಿಂದ ಕೇಳಿದವರಲ್ಲ. ಅಂಥವರು ಅಮ್ಮನನ್ನು ಗಂಟೆ ಹೊಡೆದು ಕರೆಯುವುದಿಲ್ಲ ಎಂಬುದು ನಮಗೆ ಮೊದಲೇ ಹೊಳೆಯಬೇಕಿತ್ತು.

ಕೆಲವು ವಾರಗಳ ನಂತರ ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ ಹಿತ್ತಲ ಕಲ್ಲಿನ ಮೇಲೆ ಅಪ್ಪನ ಹೊದಿಕೆ ಒಗೆಯುತ್ತಿದ್ದಳು. ಒಗೆಯುವ ಹೊತ್ತಲ್ಲ ಅದು. ಹಜಾರದಲ್ಲಿ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದ್ದರು. ನಾನು ಬಂದದ್ದು ತಿಳಿದರೂ ತಿರುಗಲಿಲ್ಲ.

"ಏನಾಯ್ತಮ್ಮ?"

"ಪಾತ್ರೆ ಬೇಕಾಗಿತ್ತು ಅವ್ರಿಗೆ. ನಂಗೆ ಗೊತ್ತಾಗ್ಲಿಲ್ಲ. ಹುಳಿಪುಡಿಗೆ ಹುರೀತಾ ಇದ್ದೆ." ಅಮ್ಮ ಹೊದಿಕೆಯನ್ನು ಹಿಂಡಿದಳು. "ಎಷ್ಟು ಹೊತ್ತು ಹಾಗೇ ಒದ್ದೆಲಿ ಮಲ್ಗಿದ್ರೋ. ನಾನು ಹೋದ್ರೆ ಕಣ್ಣು ಮುಚ್ಕೊಂಡ್ಬಿಟ್ರು."

"ಗಂಟೆ ಎಳೀಬಹುದಿತ್ತಲ್ಲ."

"ಅವ್ರು ಎಳೀತಾರಾ?" ಎಂದಳು. ನಲ್ಲಿಯ ಕಡೆ ತಿರುಗಿ, "ಕನ್ನಡಿ ಇದ್ದಿದ್ರೆ ಕಾಣ್ತಿತ್ತು," ಎಂದಳು.

ನಾನು ಕಲ್ಲಿನ ಪಕ್ಕ ಕೂತೆ. ಅಮ್ಮ ಕೇಳಿದ್ದಕ್ಕಷ್ಟೇ ಉತ್ತರ ಹೇಳುವವಳು, ಒಂದೊಂದಾಗಿ ಕೇಳಬೇಕಾಯಿತು. ಒಲೆಯ ಮುಂದೆ ನಿಂತು ತಲೆ ತಿರುಗಿಸಿದರೆ ಬೇಸಿನ್ ಕನ್ನಡಿಯಲ್ಲಿ ಮಂಚ ಕಾಣುವಂತೆ ಅವಳೇ ಮಾಡಿಕೊಂಡಿದ್ದಳಂತೆ. ಸಪಾಟಾಗಿ ನೇತುಹಾಕಿದ್ದಾಗ ಬಾಗಿಲ ಚೌಕಟ್ಟು ಮಾತ್ರ ಕಾಣುತ್ತಿತ್ತು. ಎಡ ಅಂಚಿನ ಹಿಂದೆ ರಟ್ಟು ಮಡಿಸಿ ಇಟ್ಟ ಮೇಲೆ ಅಪ್ಪನ ಮುಖ, ಎಡಗೈ ಎರಡೂ ಸಿಕ್ಕವು. ಒಂದು ಬೆರಳೆತ್ತಿದರೆ ನೀರು. ಮುಷ್ಟಿ ಹಿಡಿದರೆ ಪಾತ್ರೆ.

"ಬರೀ ಕೈ ಎತ್ತಿದ್ರೆ?" ಕನ್ನಡಿ ಇಳಿಸಿದ ದಿನ ನಾನು ನೋಡಿದ್ದು ಅದನ್ನೇ.

"ಅದು ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ಕಣೆ. ನಾನೂ ಸೌಟು ಎತ್ತಿ ತೋರಿಸ್ತಿದ್ದೆ." ಅವಳು ಹೊದಿಕೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಡಿದು ಹಿಂಡಿದೆವು.

"ಅವತ್ತೇ ಅತ್ತೆಗೆ ಹೇಳಬಹುದಿತ್ತಲ್ಲಮ್ಮ."

"ಏನಂತ ಹೇಳ್ಲಿ? ನಾನು ಬೇಡ ಅಂದು, ನಾಳೆ ಅವ್ರಿಗೆ ಹೆಚ್ಚುಕಮ್ಮಿ ಆದ್ರೆ? ಜನ ಬಿಡು, ಏನೋ ಅಂತಾರೆ. ನಂಗೇ ಅನ್ಸಲ್ವಾ, ಕನ್ನಡಿ ತೆಗೆದಿದ್ರೆ ಉಳೀತಿದ್ರೇನೋ ಅಂತ?"

ಆ ಭಾನುವಾರ ನಾನು ಬಾಯಿ ಬಿಡದೆ ಸ್ಟೂಲ್ ಹತ್ತಿದ್ದಕ್ಕೂ ಇದೇ ಕಾರಣ. ಓದು ಅದರಲ್ಲೇನೂ ವ್ಯತ್ಯಾಸ ಮಾಡಿರಲಿಲ್ಲ.

ಹೊದಿಕೆ ಹರವಿ ಒಳಗೆ ಬಂದು ಅತ್ತೆಗೆ ಫೋನ್ ಮಾಡಿದೆ. ನಾನಾಗಿ ಫೋನ್ ಮಾಡುವವಳಲ್ಲ, ಅದಕ್ಕೇ ಅವರಿಗೆ ಗಾಬರಿಯಾಯಿತು.

"ಏನಾಯ್ತು? ಹೇಗಿದಾನೆ?"

ಹೊದಿಕೆಯ ವಿಷಯ ಹೇಳಿದೆ. ಕನ್ನಡಿಯ ವಿಷಯ ಹೇಳಿದೆ. ಸೌಟಿನ ವಿಷಯ ಹೇಳಲಿಲ್ಲ, ಅದು ಅವರಿಬ್ಬರದು. ನನ್ನ ಆಫೀಸಿನ ಮೇಜಿನ ಮೇಲಿರುವ ಕನ್ನಡಿಯನ್ನೂ ಹೇಳಿದೆ. "ಬಾಗಿಲು ಕಾಣದೇ ಇರೋವ್ರಿಗೆ ಕನ್ನಡಿ ಇಡಬೇಕು ಅಂತಾನೂ ನಿಮ್ಮ ಫೆಂಗ್ ಶುಯಿಯಲ್ಲೇ ಇದೆಯಲ್ಲ ಅತ್ತೆ."

"ಇದೆ. ಯಾರಿಲ್ಲ ಅಂದ್ರು? ಆದ್ರೆ ಅದು ಆಫೀಸು ಕಣಮ್ಮಾ. ಇದು ಕಾಯಿಲೆಯವ್ರು ಮಲ್ಗೋ ಜಾಗ." ಅವರ ಧ್ವನಿ ಇಳಿಯಿತು. "ಮತ್ತೆ ಹಾಕಿ, ಏನಾದ್ರೂ ಆಗ್ಬಿಟ್ರೆ? ನಂಗಿರೋದು ಒಬ್ಬನೇ ತಮ್ಮ."

"ಏನಾದ್ರೂ ಆದ್ರೆ, ಹಾಕಿದ್ದು ನಾನು ಅಂತ ಹೇಳಿ ಅತ್ತೆ. ಅಮ್ಮ ಅಲ್ಲ, ನೀವೂ ಅಲ್ಲ. ನಾನು ಹಾಕಿದ್ದು."

ಆ ಕಡೆಯಿಂದ ಅವರ ಮನೆಯ ಗಾಳಿಗಂಟೆಗಳು ಕೇಳಿಸುತ್ತಿದ್ದವು. ಅತ್ತೆ ಮೂಗು ಸೀಟಿಕೊಂಡರು.

"ಎಷ್ಟು ಹೊತ್ತು ಒದ್ದೆಲಿದ್ದ?"

"ಗೊತ್ತಿಲ್ಲ ಅತ್ತೆ."

"ಹೇಳೋಕೆ ಬಾಯಿಲ್ವಲ್ಲ ಅವ್ನಿಗೆ." ಆಮೇಲೆ ಟೀಚರಿನ ಧ್ವನಿಯಲ್ಲಿ, "ರಾತ್ರಿ ಮಲ್ಗೋವಾಗ ಅದ್ರ ಮೇಲೊಂದು ಬಟ್ಟೆ ಹಾಕು. ಹಾಗೆ ಮಾಡ್ಬಹುದು. ಮರೀಬೇಡ, ದಿನಾ ಹಾಕ್ಬೇಕು," ಎಂದರು.

"ಹಾಕ್ತೀನಿ."

"ಆ ದಾರಾನೂ ಬಿಚ್ಚಿಬಿಡು. ಅವನು ಯಾವತ್ತೂ ಯಾರನ್ನೂ ಕರೆದೋನಲ್ಲ. ನಂಗೆ ಗೊತ್ತಿರ್ಬೇಕಿತ್ತು."

ಮರುದಿನ ಬೆಳಿಗ್ಗೆ ಬೇಗ ಎದ್ದು ಅಟ್ಟದಿಂದ ಕನ್ನಡಿ ಇಳಿಸಿದೆ. ಒದ್ದೆ ಕಾಗದದಿಂದ ಗಾಜು ಒರೆಸಿದೆ. ಖಾಲಿಯಾದ ಮಾತ್ರೆಯ ಪೆಟ್ಟಿಗೆಯಿಂದ ಒಂದು ಪಟ್ಟಿ ಕತ್ತರಿಸಿ ನಾಲ್ಕಾಗಿ ಮಡಿಸಿ, ಕನ್ನಡಿಯನ್ನು ಹಳೆಯ ಮೊಳೆಗೆ ಹಾಕಿ, ಎಡ ಅಂಚಿನ ಹಿಂದೆ ಅದನ್ನು ತೂರಿಸಿದೆ. ಹೊಸ ರಟ್ಟು ಬಿರುಸಾಗಿತ್ತು, ಕನ್ನಡಿ ಬೇಕಾದ್ದಕ್ಕಿಂತ ಮುಂದಕ್ಕೆ ಬಂತು. ಅಮ್ಮ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: "ಒಳಗೆ ತಳ್ಳು. ಅಷ್ಟಲ್ಲ, ಈಗ ಕಿಟಕಿ ಕಾಣ್ತಿದೆ. ಇನ್ನೂ ಸ್ವಲ್ಪ." ಚೌಕಟ್ಟಿನ ಪಕ್ಕ ನಿಂತು ಅದನ್ನು ಅದುಮಿ ಹಿಡಿದಿದ್ದ ನನಗೆ ಅದರಲ್ಲಿ ಇಬ್ಬರೂ ಕಾಣುತ್ತಿರಲಿಲ್ಲ. ಗೋಡೆಯಷ್ಟೇ ಕಾಣುತ್ತಿತ್ತು.

"ಸಾಕು," ಎಂದಳು ಅಮ್ಮ. "ಕಂಡ್ರು."

ನಾನು ಹಿಂತಿರುಗಿ ನೋಡಲಿಲ್ಲ. ಹಜಾರಕ್ಕೆ ಹೋಗಿ ಕಿಟಕಿಯ ದಾರ ಬಿಚ್ಚಿದೆ. ಗೌರಿ ಹಬ್ಬಕ್ಕೆ ಅತ್ತೆ ಕೊಟ್ಟಿದ್ದ ಹಸಿರು ರವಿಕೆ ಕಣವೊಂದು ಬೀರುವಿನಲ್ಲಿ ಹೊಲಿಸದೆ ಉಳಿದಿತ್ತು. ಅದನ್ನು ತಂದು, ರಾತ್ರಿ ಕೈಗೆ ಸಿಗುವಂತೆ ಬೇಸಿನ್ ಪಕ್ಕದ ಮೊಳೆಗೆ ಹಾಕಿದೆ. ಆಮೇಲೆ ಕೈ ತೊಳೆದು, ಡಬ್ಬಿ ತೆಗೆದುಕೊಂಡು ಗಾಂಧಿ ಬಜಾರಿಗೆ ನಡೆದೆ.