ಅಗಾತಮ್ಮನಿಗೆ ಬೂದು ಬಣ್ಣ

ಮಾಂಟೆರಿ ಬಂದರಿನಲ್ಲಿ ಬಣ್ಣ, ಹಗ್ಗ ಮಾರುವವನು ನಾನು. ಗಾಸ್ಪರೆಯಂಥ ಗಿರಾಕಿ ಯಾವ ಅಂಗಡಿಗೂ ಬೇಡ. ಡಬ್ಬಿಗಳ ಮುಚ್ಚಳ ತೆಗೆಸಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ, ಕೊನೆಗೆ ಎಲ್ಲಕ್ಕಿಂತ ಚಿಕ್ಕದನ್ನು ಕೊಳ್ಳುತ್ತಿದ್ದ. ಆದರೆ ನಮ್ಮ ಸಿಸಿಲಿಯವರ ದೋಣಿಗಳ ಮೂತಿಯ ಮೇಲಿದ್ದ ಸಂತರೆಲ್ಲ ಅವನು ಬರೆದವರೇ. ಹುಡುಗನಾಗಿ ಇಟಲಿಯಿಂದ ಬಂದವನು ಇಲ್ಲೇ ಮುದುಕನಾದ. ಪೌರತ್ವದ ಪರೀಕ್ಷೆಗೆ ಮಾತ್ರ ಹೋಗಲಿಲ್ಲ. ಇಂಗ್ಲಿಷ್ ಓದಲು ಬಾರದೆಂಬ ನಾಚಿಕೆ.

ಸಾವಿರದ ಒಂಬೈನೂರ ನಲವತ್ತೆರಡರ ಚಳಿಗಾಲದಲ್ಲಿ ಆ ನಾಚಿಕೆ ಅವನನ್ನು ಶತ್ರುವನ್ನಾಗಿ ಮಾಡಿತು. ಇಟಲಿಯೊಡನೆ ಯುದ್ಧ, ಪೌರತ್ವವಿಲ್ಲದ ಇಟಲಿಯವರು ಶತ್ರುದೇಶದವರು, ಕರಾವಳಿ ಬಿಡಬೇಕೆಂದು ಸರ್ಕಾರದ ಆಜ್ಞೆ. ಅದೇ ವಾರ ನೌಕಾಪಡೆ ನಮ್ಮ ದೊಡ್ಡ ದೋಣಿಗಳನ್ನು ಗಸ್ತಿಗೆಂದು ತೆಗೆದುಕೊಂಡಿತು. ಎಲ್ಲಕ್ಕೂ ಬೂದು ಬಳಿಯಬೇಕು. ದೋಣಿಯೊಡತಿ ನೂನ್ಸಿಯಾಳ ‘ಸಾಂತ ಅಗಾತ’ ದೋಣಿಯನ್ನು ಗಾಸ್ಪರೆ ತಾನೇ ಕೇಳಿ ವಹಿಸಿಕೊಂಡ. ಮರುದಿನ ಅವನು ಊರು ಬಿಡಬೇಕಿತ್ತು.

“ಊರಿಂದ್ಲೇ ಓಡಿಸೋರ ದೋಣೀಗೆ ಬಣ್ಣ ಹೊಡೀತೀಯಲ್ಲ, ನಾಳೆ ನಿನ್ನ ಕರ್ಕೊಂಡ್ಹೋಗೋ ಬಸ್ಸಿಗೂ ಒಂದು ಕೈ ಬಳಿದುಬಿಡು” ಎಂದೆ.

“ಓಡಿಸ್ತಿರೋದು ಒಂದು ಕಚೇರಿ ಮಾರಾಯ. ಇಷ್ಟು ವರ್ಷ ಸಾಕಿದ್ದು ಈ ದೇಶ. ಬೂದು ಇದ್ಯೋ, ಬರೀ ಬಾಯಿ ಇದ್ಯೋ?”

ಅವನು ಬಳಿಯುವ ಬದಲು, ಮೂತಿಯ ಮೇಲೆ ತಾನೇ ಬರೆದಿದ್ದ ಸಂತ ಅಗಾತಮ್ಮನ ಕೆಂಪು ನಿಲುವಂಗಿಯನ್ನು ಹೆರೆಯತೊಡಗಿದ. ನೂನ್ಸಿಯಾ ಓಡಿ ಬಂದಳು. ಅವಳ ಮಗ ಅದೇ ದೋಣಿಯಲ್ಲಿ ಗಸ್ತಿಗೆ ಹೊರಟಿದ್ದ.

“ಅಯ್ಯೋ ಪಾಪಿ! ಮೇಲೆ ಬಳಿದ್ರೆ ಸಾಲ್ದಾ? ಒಳಗಾದ್ರೂ ಅವಳಿರ್ಲಿ, ನನ್ ಮಗನ್ನ ಕಾಯ್ಲಿ!”

“ಅಕ್ಕಾ, ಹಳೇ ಬಣ್ಣದ ಮೇಲೆ ಬಳಿದ್ರೆ ಉಪ್ಪುನೀರಿಗೆ ಪೊರೆ ಏಳುತ್ತೆ. ನಡುಸಮುದ್ರದಲ್ಲಿ ಈ ಕೆಂಪು ಕಂಡ್ರೆ ಮೊದಲ್ನೇ ಗುಂಡು ಅವನಿಗೇ.”

“ನಿನ್ನ ಶತ್ರು ಅಂತ ಬರ್ಕೊಂಡಿದಾರಲ್ಲ, ಸರಿಯಾಗೇ ಬರ್ಕೊಂಡಿದಾರೆ!”

ಗಾಸ್ಪರೆ ಹೆರೆಯುತ್ತಲೇ ಹೋದ. ನಿಲುವಂಗಿ ಹೋಯಿತು, ಚಿನ್ನದ ಪ್ರಭೆ ಹೋಯಿತು. ಮುಖಕ್ಕೆ ಬಂದಾಗ ಕೈ ನಿಂತಿತು. ಉಳಿ ಇಡುತ್ತಾನೆ, ತೆಗೆಯುತ್ತಾನೆ. ಬೆಳಕು ಇಳಿಯುತ್ತಿತ್ತು, ಕತ್ತಲಾದ ಮೇಲೆ ಅವನಂಥವರು ಬೀದಿಯಲ್ಲಿ ಕಾಣಿಸುವಂತಿಲ್ಲ.

ನೂನ್ಸಿಯಾ ನೋಡುತ್ತಲೇ ಇದ್ದಳು. ಆಮೇಲೆ ಏಪ್ರನ್ನಿನಲ್ಲಿ ಮೂಗೊರೆಸಿಕೊಂಡು ಮುಂದೆ ಬಂದಳು.

“ಕೊಡು ಇಲ್ಲಿ. ಬರೆದ ಕೈಗೆ ಇದಾಗಲ್ಲ. ತಾಯಿ, ಒಂದ್ಗಳಿಗೆ ಕಣ್ಮುಚ್ಕೋ.”

ಮುಖವನ್ನು ಅವಳೇ ಹೆರೆದಳು, ಬೈಯುತ್ತ, ಅಳುತ್ತ. ಬೂದು ಅವನು ಬಳಿದ.

ಮರುದಿನ ಅವನ ಬಸ್ಸು ಒಳನಾಡಿನ ಸಲೀನಸ್ ಕಡೆ ಹೊರಟ ಮೇಲೆ ನೌಕಾಪಡೆಯ ಅಧಿಕಾರಿ ಬಂದ. ಮೂತಿಯ ಮೇಲೆ ಉಗುರಿನಿಂದ ಗೀರಿ ನೋಡಿದ. ಬಣ್ಣ ಕದಲಲಿಲ್ಲ.

“ಒಳ್ಳೇ ಕೆಲಸ. ಉಳಿದ ದೋಣಿಗಳಿಗೂ ಇದನ್ನು ಬಳಿದವನನ್ನೇ ಕಳಿಸಿ.”

“ಕಳಿಸ್ತಿದ್ದೆ ಸ್ವಾಮಿ,” ಎಂದೆ, “ನೀವು ಬೆಳಿಗ್ಗೇನೇ ಕಳಿಸಿಬಿಟ್ರಲ್ಲ.”