ಸುಡದ ಕೈ

ನನ್ನ ನೆಗೆಣ್ಣಿಗೆ ಕುಷ್ಠರೋಗ ಬಂದಿದೆ ಎಂದು ನಾನು ಹನ್ನೊಂದು ದಿನ ನಂಬಿಕೊಂಡಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನೇ ನೋಡಿ, ನಾನೇ ಲೆಕ್ಕ ಹಾಕಿ ತೀರ್ಮಾನಿಸಿದ್ದೆ.

ಬೇಡಕಿಹಾಳದಲ್ಲಿ ನಮ್ಮ ಮನೆ, ಗಂಡನ ಅಣ್ಣನ ಮನೆ ಒಂದೇ ಗೋಡೆಗೆ ಅಂಟಿಕೊಂಡಿವೆ. ನಾನು ಆಶಾ ಕಾರ್ಯಕರ್ತೆ. ಆಗಷ್ಟೇ ನಮಗೆ ಕುಷ್ಠರೋಗ ಪತ್ತೆಯ ತರಬೇತಿ ಕೊಟ್ಟಿದ್ದರು. ಮೈಮೇಲೆ ಮಚ್ಚೆ ಇದೆಯೇ, ಆ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ, ಸುಟ್ಟರೂ ತಿಳಿಯದ ಗಾಯಗಳಿವೆಯೇ ಎಂದು ಮನೆಮನೆಗೆ ಹೋಗಿ ಕೇಳಬೇಕಿತ್ತು. ಹೊಸದಾಗಿ ಕಲಿತದ್ದು ಎಲ್ಲರಲ್ಲೂ ಕಾಣತೊಡಗುತ್ತದೆ.

ಒಂದು ಬೆಳಿಗ್ಗೆ ನೆಗೆಣ್ಣಿ ರೊಟ್ಟಿ ಮಾಡುತ್ತಿದ್ದರು. ರೊಟ್ಟಿ ತಿರುವುವಾಗ ಅವರ ಬಲಗೈಯ ಹಿಂಭಾಗ ಕಾದ ಹಂಚಿನ ಅಂಚಿಗೆ ತಾಗಿತು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಾತೂ ನಿಲ್ಲಿಸಲಿಲ್ಲ.

"ಅಕ್ಕಾರ, ಕೈ ಸುಟ್ಟೈತ್ರಿ," ಎಂದೆ.

ಅವರು ಕೈ ತಿರುಗಿಸಿ ನೋಡಿಕೊಂಡರು. ಚರ್ಮ ಬೆಳ್ಳಗಾಗಿತ್ತು. "ಹೌದಲಾ, ಗೊತ್ತ ಆಗಲಿಲ್ಲ ನೋಡು," ಎಂದು ಇನ್ನೊಂದು ರೊಟ್ಟಿ ತಟ್ಟಿದರು.

ಅಂದಿನಿಂದ ನನ್ನ ಕಣ್ಣು ಅವರ ಕೈಯನ್ನು ಬಿಡಲಿಲ್ಲ. ಕುದಿಯುವ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುತ್ತಿದ್ದರು. ತೋಳಿನ ಮೇಲಿನ ಮಚ್ಚೆ ಮುಚ್ಚಲಿಕ್ಕೇ ಇರಬೇಕು ಅನ್ನಿಸಿತು. ಅವರು ಕಳಿಸಿದ ರೊಟ್ಟಿಯನ್ನು ಮಗಳಿಗೆ ಕೊಡುವುದನ್ನು ಬಿಟ್ಟು, ಗುಟ್ಟಾಗಿ ದನಕ್ಕೆ ಹಾಕಿದೆ. ನಮ್ಮ ಮನೆಗೆ ಬಂದಾಗ ಅವರು ಚಹಾ ಕುಡಿಯುವ ಕಪ್ಪನ್ನು ಬೇರೆ ಗೂಡಿನಲ್ಲಿಟ್ಟೆ. ಈ ರೋಗ ಊಟದಿಂದ, ಕಪ್ಪಿನಿಂದ ಅಂಟುವುದಿಲ್ಲ ಎಂದು ಊರಿಗೆಲ್ಲ ಹೇಳಿ ಬಂದವಳು ನಾನೇ. ನನ್ನ ಮನೆಯೊಳಗೆ ಮಾತ್ರ ಆ ಮಾತು ನಡೆಯಲಿಲ್ಲ. ಒಂದು ದಿನ ತಡೆಯಲಾರದೆ ಗಂಡನಿಗೂ ಹೇಳಿದೆ.

ಹತ್ತನೆಯ ದಿನ ಧೈರ್ಯ ಮಾಡಿ, ಚಿಕ್ಕೋಡಿಯಲ್ಲಿ ಚರ್ಮದ ಡಾಕ್ಟರ್ ಇದ್ದಾರೆ, ಒಮ್ಮೆ ಕೈ ತೋರಿಸಿಕೊಂಡು ಬರೋಣ ಎಂದೆ. ನೆಗೆಣ್ಣಿ ನನ್ನ ಕಡೆ ತಿರುಗಿದರು.

"ನನ್ನ ಕಪ್ಪ ಯಾಕ ಬ್ಯಾರೆ ಇಟ್ಟಿ? ಮೊದ್ಲ ಅದನ್ನ ಹೇಳು."

ಅವರಿಗೆ ಎಲ್ಲ ಗೊತ್ತಿತ್ತು. ಆದರೂ ಮರುದಿನ ಸೀರೆ ಬದಲಿಸಿ ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದರು.

ಡಾಕ್ಟರ್ ನಡುವಯಸ್ಸಿನ ಹೆಣ್ಣುಮಗಳು. ನೆಗೆಣ್ಣಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಯನ್ನು ಅಲ್ಲಲ್ಲಿ ಮುಟ್ಟಿದರು. ನೆಗೆಣ್ಣಿ ಪ್ರತಿ ಸಲವೂ ಸರಿಯಾಗಿ ಬೆರಳಿಟ್ಟು ತೋರಿಸಿದರು. ಈ ರೋಗದಲ್ಲಿ ಊದಿಕೊಳ್ಳುವ ಮೊಣಕೈ ಹಿಂದಿನ ನರ ದಪ್ಪಗಾಗಿರಲಿಲ್ಲ. ಮೈಮೇಲೆ ಎಲ್ಲಿಯೂ ಮಚ್ಚೆಯಿರಲಿಲ್ಲ. ಬಿಸಿನೀರು ತುಂಬಿದ ಗಾಜಿನ ನಳಿಕೆ ತಾಗಿಸಿದಾಗ ಮಾತ್ರ "ಉಗುರುಬೆಚ್ಚಗ ಐತ್ರಿ" ಎಂದರು. ನಾನು ಮುಟ್ಟಿ ನೋಡಿ ಕೈ ಕಿತ್ತುಕೊಂಡೆ.

ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ನೀವು ಏನು ಕೆಲಸ ಮಾಡುತ್ತೀರಿ?

ನೆಗೆಣ್ಣಿ ನಿಪ್ಪಾಣಿಯಲ್ಲಿ ಖಾರ ಕುಟ್ಟುವ ಡಂಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಜನ ವರ್ಷದ ಮಸಾಲೆ ಖಾರ ಮಾಡಿಸಲು ಅಲ್ಲಿ ಸಾಲುಗಟ್ಟುತ್ತಾರೆ. ಯಂತ್ರ ಕುಟ್ಟಿದ ಮೆಣಸಿನಪುಡಿಗೆ ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಬರಿಗೈಯಿಂದ ತಿಕ್ಕಿ ಕಲಸುವುದು ಅವರ ಕೆಲಸ. ಖಾರದ ಧೂಳು ಮೈಗೆ ಹತ್ತದಿರಲೆಂದೇ ಉದ್ದ ತೋಳಿನ ರವಿಕೆ.

ಡಾಕ್ಟರ್ ಮೇಜಿನ ಖಾನೆಯಿಂದ ಒಂದು ಮುಲಾಮು ತೆಗೆದು ನಮ್ಮಿಬ್ಬರ ಕೈಯ ಹಿಂಭಾಗಕ್ಕೂ ಚೂರು ಹಚ್ಚಿ ಹೊರಗೆ ಕೂರಿಸಿದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಕೈ ಉರಿಯತೊಡಗಿತು. ಮುಲಾಮು ಹಚ್ಚಿದ್ದು ಬೊಟ್ಟಿನಷ್ಟು ಜಾಗಕ್ಕೆ. ಕೆಂಪು ಅದರಾಚೆಗೂ ಹರಡಿತು. ನೆಗೆಣ್ಣಿಯ ಕೈ ಮೊದಲಿನಂತೆಯೇ ಇತ್ತು. ರೋಗಕ್ಕೆ ಇದೇ ಸಾಕ್ಷಿ ಅಂದುಕೊಂಡೆ.

ಒಳಗೆ ಕರೆದು ಡಾಕ್ಟರ್ ವಿವರಿಸಿದರು. ಆ ಮುಲಾಮಿನಲ್ಲಿರುವುದು ಮೆಣಸಿನಕಾಯಿಯ ಖಾರದ ಸತ್ವವೇ, ಕ್ಯಾಪ್ಸೈಸಿನ್. ಚರ್ಮದಲ್ಲಿ ಬಿಸಿಯನ್ನೂ ಉರಿಯನ್ನೂ ತಿಳಿಸುವ ನರದ ತುದಿಗಳಿವೆ. ಖಾರ ತಾಗಿದಾಗ ಅವು ಬೆಂಕಿ ತಾಗಿತೆಂದೇ ಮಿದುಳಿಗೆ ಸುದ್ದಿ ಕಳಿಸುತ್ತವೆ. ಜೊತೆಗೆ ತಮ್ಮೊಳಗೆ ಕೂಡಿಟ್ಟ 'ಸಬ್‌ಸ್ಟೆನ್ಸ್ ಪಿ'ಯಂಥ ಪದಾರ್ಥಗಳನ್ನು ಸುತ್ತಲೂ ಬಿಡುತ್ತವೆ. ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ. ದಿನವೂ ಖಾರ ತಾಗುತ್ತಿದ್ದರೆ ಆ ದಾಸ್ತಾನು ಬರಿದಾಗುತ್ತದೆ, ತುದಿಗಳು ಮಂಕಾಗಿ ಹಿಂದೆ ಸರಿಯುತ್ತವೆ. ಮುಟ್ಟಿದ್ದನ್ನು ತಿಳಿಸುವ ನರಗಳೇ ಬೇರೆ; ಅವಕ್ಕೆ ಏನೂ ಆಗುವುದಿಲ್ಲ. ಇದೇ ಗುಣದಿಂದ ಈ ಮುಲಾಮನ್ನು ಹಳೆಯ ನರನೋವಿಗೆ ಕೊಡುತ್ತಾರಂತೆ.

ಅಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಇವರು ನೆಗೆಣ್ಣಿಯ ಮುಂದೆ ನಿಜ ಹೇಳಲು ಹಿಂಜರಿಯುತ್ತಿದ್ದಾರೆ ಅನ್ನಿಸಿತು. ಏನೋ ನೆಪ ಹೇಳಿ ಒಬ್ಬಳೇ ಮತ್ತೆ ಒಳಹೋಗಿ ಕೇಳಿದೆ. ಡಾಕ್ಟರ್ ಕನ್ನಡಕ ತೆಗೆದು, "ಅವ್ರಿಗೆ ಆ ರೋಗ ಇಲ್ಲ. ಒಂದೆರಡು ತಿಂಗಳ ಖಾರ ಮುಟ್ಟೂದು ಬ್ಯಾಡ, ಆಮ್ಯಾಗ ನೀವ ನೋಡ್ರಿ," ಎಂದರು.

ಬಸ್ಸಿನಲ್ಲಿ ನೆಗೆಣ್ಣಿ ಕಿಟಕಿಯಾಚೆಗಿನ ಕಬ್ಬು ನೋಡುತ್ತ, ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ನಾನು ಅವರನ್ನು ನೋಡುತ್ತಿದ್ದ ಹಾಗೆಯೇ ಈಗ ಅವರು ನನ್ನನ್ನು ನೋಡುತ್ತಿದ್ದರು.

ಎರಡು ತಿಂಗಳು ಅವರು ಡಂಕಿಗೆ ಹೋಗಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ದಿನ ಗೋಡೆಯಾಚೆ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋದೆ. ನೆಲದ ತುಂಬ ಚಹಾ. ನೆಗೆಣ್ಣಿ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದರು.

"ಸುಟ್ಟಿತು," ಎಂದರು. ಅವರ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು ಇತ್ತು.

ಗಂಡನಿಗೆ ಹೇಳಿದ್ದೆನೆಂದು ಅಲ್ಲೇ ಒಪ್ಪಿಕೊಂಡೆ. ಅದು ಅವತ್ತು ಬಸ್ಸಿನಲ್ಲೇ ತಿಳಿದಿತ್ತು ಎಂದು ಹೇಳಿ, ನೆಲ ಒರೆಸಲು ನನ್ನ ಕೈಗೆ ಬಟ್ಟೆ ಕೊಟ್ಟರು.