ಅಜ್ಜನ ಭಂಡಾರ, ನಮ್ಮ ನೀರಿನ ಟಾಕಿ

ಅಜ್ಜನ ಹಣೆಯ ನೆರಿಗೆಗಳಲ್ಲಿ ಭಂಡಾರ, ಅಂದರೆ ದೇವರ ಅರಿಷಿಣದ ಪುಡಿ, ಕೂತು ಕೂತು ತೊಳೆದರೂ ಹೋಗದಂಥ ಹಳದಿ ಹತ್ತಿಬಿಟ್ಟಿತ್ತು. ಉಗುರು ಹಳದಿ, ತಲೆಯ ಪಟಗದ ಅಂಚು ಹಳದಿ. ದಿನಾ ಬಂದು ನನ್ನ ಕಿರಾಣಿ ಅಂಗಡಿಯ ಸಕ್ಕರೆ ಚೀಲದ ಮೇಲೆ ಕೂಡುತ್ತಿದ್ದುದರಿಂದ ಆ ಚೀಲವೂ ಹಳದಿ. "ಅಜ್ಜಾ, ಮಂದಿ ತಿನ್ನೋ ಸಕ್ಕರಿ ಅದು, ಖುರ್ಚಿ ಮ್ಯಾಲ ಕುಂದ್ರು" ಅಂದರೆ, "ಖುರ್ಚಿ ನಿನ್ನಂಥವರಿಗೆ ಇರ್ಲಿ" ಅನ್ನುತ್ತಿದ್ದ. ಅಂದು ಅಲ್ಲೇ ಕೂಡುತ್ತಿದ್ದ.

ಆತ ಮಾಡಗ್ಯಾಳದ ಕುರಿಗಾರ. ಕಾಲು ಸೋತ ಮೇಲೆ ಹಿಂಡನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ, ಗಡಿನಾಡಿನ ಜತ್ತ ಊರಾಚೆಯ ನಮ್ಮ ಹೊಸ ಪ್ಲಾಟಿಗೆ ಮಗ-ಸೊಸೆಯ ಜೊತೆ ಬಂದಿದ್ದ. ಒಂದು ಗಿಣಿಮೂಗಿನ ಟಗರನ್ನು ಮಾತ್ರ ಬಿಟ್ಟಿರಲಾರದೆ ತಂದಿದ್ದ. ಅದನ್ನು ಕಟ್ಟುವುದಕ್ಕೆ ಇಡೀ ಪ್ಲಾಟಿನಲ್ಲಿ ಆತನಿಗೆ ಕಂಡದ್ದು ನನ್ನ ಅಂಗಡಿಯ ಕಂಬ. ನಾನು ಮಾರಲು ಇಟ್ಟ ಕೊತ್ತಂಬರಿಯಲ್ಲಿ ಮೊದಲ ಪಾಲು ಟಗರಿನದು. ಬೈದರೆ ಅಜ್ಜ ನನಗಲ್ಲ, ಟಗರಿಗೆ ಸಮಾಧಾನ ಹೇಳುತ್ತಿದ್ದ.

ನಮ್ಮ ಪ್ಲಾಟು ಅಂದರೆ ಮೊನ್ನೆ ಮೊನ್ನೆಯವರೆಗೆ ಜೋಳದ ಹೊಲ. ಈಗ ಮನೆಗೆ ಮನೆ ತಾಕಿದೆ. ಉಮದಿ ಕಡೆಯಿಂದ ಬಂದ ನಮ್ಮಂಥ ವ್ಯಾಪಾರಸ್ಥರು, ಕುರುಬರು, ಮರಾಠಿ ಮಾಸ್ತರರು, ಲಂಬಾಣಿ ಗೌಂಡಿಗಳು, ಟ್ರಕ್ಕು ಓಡಿಸುವ ಮುಸಲ್ಮಾನರು, ಎಲ್ಲರೂ ಇದ್ದೇವೆ. ಓಣಿಯ ಈ ತುದಿಗೆ ಕನ್ನಡದಲ್ಲಿ ಶುರುವಾದ ಜಗಳ ಆ ತುದಿಗೆ ಮರಾಠಿಯಲ್ಲಿ ಮುಗಿಯುತ್ತದೆ. ಜಗಳವೆಲ್ಲ ನೀರಿನದೇ. ನಳ ಇಲ್ಲ, ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪಾಳಿಯ ಜಗಳ ಕೈಮೀರಿದಾಗ ಅಜ್ಜ ಸೊಂಟದ ಭಂಡಾರದ ಚೀಲ ಬಿಚ್ಚಿ, "ಇದನ್ನ ಎತ್ತಿ ಹೇಳ್ರಿ, ಮೊದಲ ಕೊಡ ಇಟ್ಟಾವ್ರು ಯಾರು?" ಅನ್ನುತ್ತಿದ್ದ. ದೇವರ ಅರಿಷಿಣ ಕೈಯಲ್ಲಿ ಹಿಡಿದು ಸುಳ್ಳು ಹೇಳುವ ಎದೆ ನಮ್ಮ ಕಡೆ ಯಾರಿಗಿದೆ? ಟ್ರಕ್ಕಿನ ಚಾಚಾನಿಗೆ ಮಾತ್ರ, "ನೀ ನಿನ್ನ ದೇವರ ಹೆಸರ್ಲೆ ಹೇಳಪಾ, ನನ್ನ ದೇವರು ಏನೂ ಅನ್ನಾಂಗಿಲ್ಲ" ಅನ್ನುತ್ತಿದ್ದ.

ಹೀಗಿರುವಾಗ ಲೋಕಸಭೆ ಚುನಾವಣೆ ಬಂತು. ಇಲ್ಲಿ ಇಷ್ಟೊಂದು ಹೊಸ ಮತಗಳಿವೆ ಅನ್ನುವುದು ಪಾರ್ಟಿಗಳಿಗೆ ಥಟ್ಟನೆ ಹೊಳೆಯಿತು. ಒಬ್ಬ ಉಮೇದುವಾರರ ಕಡೆಯವರು ನನ್ನ ಅಂಗಡಿಗೇ ಬಂದು ಹೇಳಿದರು: ಪ್ಲಾಟಿನ ಮತವೆಲ್ಲ ನಮಗೇ ಅಂತ ನಿಮ್ಮ ಅಜ್ಜ ಭಂಡಾರ ಎತ್ತಲಿ, ಮತದಾನಕ್ಕೆ ಮೊದಲೇ ನೀರಿನ ಟಾಕಿ ಕಟ್ಟಿಸುತ್ತೇವೆ. ನನ್ನ ಹೆಂಡತಿ ಆಗಲೇ ಟಾಕಿಗೆ ಜಾಗ ನೋಡಿಟ್ಟಳು.

ಒಂದು ಮುಂಜಾನೆ ಉಮೇದುವಾರರೇ ಬಂದರು. ಅಂಗಡಿ ಮುಂದೆ ಪೆಂಡಾಲು, ಮರಾಠಿಯಲ್ಲಿ ಉದ್ದ ಭಾಷಣ. ಕೊನೆಗೆ ಅಜ್ಜನ ಮುಂದೆ ಭಂಡಾರದ ತಟ್ಟೆ ತಂದರು. ಅಜ್ಜ ಮುಷ್ಟಿ ತುಂಬ ಎತ್ತಿ, "ನನ್ನ ಮತ ನಿಮಗ" ಅಂದ.

"ನಿಮ್ಮದಷ್ಟ ಅಲ್ಲರಿ, ಎಲ್ಲಾರದೂ ಅನ್ರಿ" ಅಂದ ಪಾರ್ಟಿಯವ.

"ಅವರದು ಅವರು ಎತ್ತತಾರ. ಈಗ ಸಾಹೇಬ್ರು ಎತ್ಲಿ." ಅಜ್ಜ ತಟ್ಟೆಯನ್ನು ಉಮೇದುವಾರರ ಎದೆಗೇ ಹಿಡಿದ. "ಟಾಕಿ ಕಟ್ಟಿ ನೀರ ಬಿಡ್ತೀನಿ ಅಂತ ಎತ್ರಿ."

ಅವರೂ ಈ ಸೀಮೆಯವರೇ. ಭಂಡಾರ ಅಂದರೆ ಏನು ಅಂತ ಅವರಿಗೂ ಗೊತ್ತು. ಮುಂದೆ ಬಂದ ಕೈ ಅಲ್ಲೇ ನಿಂತಿತು. ಆಮೇಲೆ ಅದೇ ಕೈ ಕಿಸೆಗೆ ಹೋಗಿ, ನಮಗ್ಯಾರಿಗೂ ಕೇಳದಂತೆ ರಿಂಗಾದ ಫೋನನ್ನು ಹೊರಗೆ ತೆಗೆಯಿತು. ಮಾತಾಡುತ್ತ ಗಾಡಿ ಹತ್ತಿ ಹೋದರು. ಸುದ್ದಿ ತಿಳಿದು ಎದುರು ಪಾರ್ಟಿಯವರು ನಮ್ಮ ಓಣಿಯ ಕಡೆ ಮುಖವನ್ನೇ ಹಾಕಲಿಲ್ಲ. ಹೂಂ ಅಂದ ಪಕ್ಕದ ಪ್ಲಾಟಿನಲ್ಲಿ ಮಾತ್ರ, ನಮ್ಮ ಕಣ್ಣೆದುರೇ, ಟಾಕಿ ಎದ್ದಿತು.

"ಕೈಗೆ ಬಂದ ನೀರ ಕಳದ್ಯಲ್ಲೊ ಅಜ್ಜಾ! ಅವರು ಸುಮ್ಮ ಹೇಳತಾರ, ನಾವು ಸುಮ್ಮ ಹೂಂ ಅನಬೇಕು, ಅಷ್ಟ!" ಅಂತ ಕೂಗಾಡಿದೆ.

"ಸುಮ್ಮ ಹೇಳಾಕ ಭಂಡಾರ ಯಾಕ ಬೇಕಿತ್ತು?" ಅಂದ ಅಜ್ಜ, ಸಕ್ಕರೆ ಚೀಲದ ಮೇಲಿಂದ. ಇಂಥವನ ಜೊತೆ ಏನು ವಾದ ಮಾಡುವುದು?

ಮತದಾನದ ದಿನ ಆತನನ್ನು ನನ್ನ ಮೋಟರ್ ಸೈಕಲ್ ಮೇಲೆ ಮತಗಟ್ಟೆಯಿದ್ದ ಶಾಲೆಗೆ ನಾನೇ ಕರೆದೊಯ್ದೆ. ಹೊರಗೆ ಬಂದಾಗ ಯಾರಿಗೆ ಹಾಕಿದಿ ಅಂತ ಕೇಳಿದೆ.

"ಫೋನ್ ಹಿಡಕೊಂಡು ಓಡಿದನಲ್ಲ, ಅಂವಗ."

ನನಗೆ ತಲೆ ತಲೆ ಚಚ್ಚಿಕೊಳ್ಳುವಂತಾಯಿತು. ಇಡೀ ಪ್ಲಾಟು ಆ ಮನುಷ್ಯನ ಮೇಲೆ ಸಿಟ್ಟಾಗಿತ್ತು, ಅದೂ ಈ ಅಜ್ಜನಿಂದಾಗಿ! "ಅಂವ ಆಣಿ ಮಾಡ್ಲಿಲ್ಲಲ್ಲೊ!"

"ಅಂವ ಮಾಡ್ಲಿಲ್ಲ. ನಾ ಮಾಡೀನಿ." ಇಷ್ಟು ಹೇಳಿ ಗಾಡಿ ಹತ್ತಿ, ಲಗೂನ ನಡಿ, ಟಗರು ಒಂಟಿ ಐತಿ ಅಂತ ನನಗೇ ಅವಸರ ಮಾಡಿದ. ಆ ಉಮೇದುವಾರರು ಗೆದ್ದರು. ನಮಗೆ ಟಾಕಿ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಜ್ಜ ತೀರಿಕೊಂಡ. ಟ್ಯಾಂಕರ್ ಕೆಟ್ಟು ನಿಂತಿತ್ತು. ಮೈ ತೊಳೆಯುವುದಕ್ಕೂ ಅವರ ಮನೆಯಲ್ಲಿ ನೀರಿರಲಿಲ್ಲ. ಅಂದು ಒಂದು ಮಾತು ಹೂಂ ಅಂದಿದ್ದರೆ ಇವತ್ತು ಈ ಗತಿ ಬರುತ್ತಿತ್ತೇ ಅಂತ ಸತ್ತವನ ಮೇಲೂ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಅಳುವೂ ಬಂತು. ಮನೆಯಲ್ಲಿ ಉಳಿದಿದ್ದ ಒಂದು ಕೊಡ ನೀರು ಹೊತ್ತುಕೊಂಡು ಹೋದೆ.

ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಾಸ್ತರರ ತಾಮ್ರದ ಹಂಡೆ, ಗೌಂಡಿಗಳ ಸಿಮೆಂಟು ಮೆತ್ತಿದ ಬಕೆಟ್ಟು, ಚಾಚಾನ ಟ್ರಕ್ಕಿನ ಕ್ಯಾನು, ಕೊಡಗಳು, ಚರಿಗೆಗಳು, ಎಲ್ಲ ಬಾಗಿಲಿಂದ ಓಣಿಯವರೆಗೆ ತುಂಬಿ ನಿಂತಿದ್ದವು. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಸೊಸೆ ಕಣ್ಣೊರೆಸಿಕೊಳ್ಳುತ್ತ, "ಕಾಕಾ, ಇಷ್ಟ ನೀರ ಏನ್ ಮಾಡ್ಲಿರಿ?" ಅಂದಳು.

ಜಾಗ ಹುಡುಕಿ ನನ್ನ ಕೊಡವನ್ನೂ ಇಟ್ಟೆ.